ಬಲಗಡೆಯ ಸಾಲು

ಜನವರಿ 9, 1989. ಸೋಮವಾರ. ಬೆಳಗ್ಗೆ 6-10

ಕೂಸು ಈಗ ಮಲಗಿತು. ನಾನಿನ್ನು ಮಲಗಿ ಉಪಯೋಗವಿಲ್ಲ. ಏಳಕ್ಕೆ ನಳದ ನೀರು, ಎಂಟಕ್ಕೆ ಕನ್ನಡ ಶಾಲೆ. ತಂತಿಯ ಮೇಲಿನ ಲಂಗೋಟಿಗಳಿಗೆಲ್ಲ ವಾಸ್ಕೋ ಬಂದರಿನ ಅದಿರಿನ ಕೆಂಪು ಧೂಳು. ಮತ್ತೆ ಒಗೆಯಬೇಕು. ಈ ಧೂಳು ಕೂಸಿನ ಎದೆಗೆ ಹೋದರೆ? ಬಗ್ಗಿ ಉಸಿರು ಕೇಳಿದೆ. ಮೂರು ಸಲ. ಸರಿಯಾಗಿದೆ... ಅನ್ನಿಸುತ್ತದೆ.

ಹಜರತಬಿ ಬಂದರೆ ಸಾಕು. ಎಣ್ಣೆ ತಿಕ್ಕಿ, ಚಾಚಿದ ಕಾಲ ಮೇಲೆ ಮಲಗಿಸಿಕೊಂಡು ಎರೆದಳೆಂದರೆ ಕೂಸಿಗೆ ಎರಡು ತಾಸು ನಿದ್ದೆ. ನಾನು ಶಾಲೆಯಿಂದ ಬರುವತನಕ ಅವಳದೇ ಮಡಿಲು. ನನ್ನ ಕೈಯಲ್ಲಿ ಹತ್ತು ನಿಮಿಷ ನಿಲ್ಲುವುದಿಲ್ಲ. ಧಾರವಾಡದಲ್ಲಿ ಬಿ.ಎ. ಮಾಡಿದ್ದು ಯಾವುದಕ್ಕೂ ಬರಲಿಲ್ಲ.

ಇಂದು ಆರನೆಯ ತರಗತಿಗೆ ಹೊಸ ಪಾಠ. ಒಂದು ಬೇರು, ಹತ್ತು ಮಾತು.

ಮಧ್ಯಾಹ್ನ 3

ಚೆನ್ನಾಗಿ ಆಯಿತು! ಬೋರ್ಡಿನ ಮೇಲೆ ‘ನೀರು’ ಬರೆದೆ. ಕಣ್ಣೀರು, ತಣ್ಣೀರು, ಪನ್ನೀರು, ನೀರಡಿಕೆ — ಮಕ್ಕಳೇ ಒಂದೊಂದಾಗಿ ಹೆಕ್ಕಿ ಕೊಟ್ಟರು. ಮುನ್ನೀರು ಎಂದರೆ ಸಮುದ್ರ ಎಂದಾಗ ಎಲ್ಲರೂ ಕಿಟಕಿಯ ಕಡೆ ತಿರುಗಿದರು, ಸಮುದ್ರ ಇಂದೇ ಬಂದು ನಿಂತಂತೆ. ಲಕ್ಷ್ಮಪ್ಪ ಎದ್ದು, “ಹಡಗಕ್ಕ ನೀರಡಿಕಿ ಆದ್ರ ಏನ್ ಕುಡಿತೈತ್ರೀ ಅಕ್ಕೋರ?” ಅಂದ. ನಕ್ಕುಬಿಟ್ಟೆ. ಎಷ್ಟು ದಿನವಾಗಿತ್ತೋ.

ಗುರುವಾರಕ್ಕೆ ಹೋಮ್‌ವರ್ಕ್: ಮನೆಯಲ್ಲಿ ಆಡುವ ಮಾತುಗಳ ಪಟ್ಟಿ. ನಿಘಂಟು ಒಯ್ಯುತ್ತೇನೆ. ಒಂದೊಂದು ಮಾತಿನ ಊರು ಹುಡುಕೋಣ.

ಜನವರಿ 12. ಗುರುವಾರ

ಎಲ್ಲರೂ ಹತ್ತೋ ಹನ್ನೆರಡೋ ಬರೆದು ತಂದಿದ್ದರು. ಜೈನಬ ನಲವತ್ತು. ಹಜರತಬಿಯ ಮಗಳು ಅವಳು. ಅಕ್ಕಪಕ್ಕದ ಮನೆಗಳಿಗೂ ಹೋಗಿ ಕೇಳಿದ್ದಾಳೆ. ರೂಲ್ ಹಾಕಿ, ಕೆಳಗೆ ಹೂವು ಬಿಡಿಸಿ...

ಬೋರ್ಡಿನ ನಡುವೆ ಗೆರೆ ಎಳೆದೆ. ಎಡಗಡೆ ನಮ್ಮವು. ಬಲಗಡೆ ಹೊರಗಿನಿಂದ ಬಂದವು. ಜೈನಬಳ ಪಟ್ಟಿಯನ್ನೇ ಎತ್ತಿಕೊಂಡೆ, ಅದೇ ಉದ್ದವಿತ್ತು. ದವಾಖಾನಿ — ಬಲ. ಕಾಗದ — ಬಲ. ಖುರ್ಚಿ, ರುಮಾಲು, ಹಾಜರಿ — ಬಲ, ಬಲ, ಬಲ. ನಲವತ್ತರಲ್ಲಿ ಮೂವತ್ತೊಂದು. “ನೋಡ್ರಿ, ಒಂದು ಮನಿಯೊಳಗ ಹೊರಗಿನ ಮಾತು ಎಷ್ಟು ಹೊಕ್ಕಾವ,” ಅಂದೆ. ತರಗತಿ ನಕ್ಕಿತು. ಜೈನಬ ಎದ್ದು ನಿಂತೇ ಇದ್ದಳು.

“ಹಂಗಾರ ಅವನ್ನ ಅನ್ನಬಾರದೇನ್ರೀ ಅಕ್ಕೋರ?”

“ಆದಷ್ಟು ಕಡಿಮಿ ಅನ್ನು.”

ಯಾಕೆ ಹಾಗೆ ಹೇಳಿದೆ? ಹಾಲು ಸೋರಿ ರವಿಕೆ ಒದ್ದೆಯಾಗಿತ್ತು. ಸೆರಗು ಒತ್ತಿ ಹಿಡಿದು ನಿಂತಿದ್ದೆ. ಬೇಗ ಗಂಟೆಯಾಗಲಿ ಅನ್ನಿಸುತ್ತಿತ್ತು. ಅಷ್ಟೇ.

ಜನವರಿ 17. ಮಂಗಳವಾರ

ಬರೆಯಬಾರದು ಅಂದುಕೊಂಡಿದ್ದೆ.

ತಡವಾಗಿ ಹೋದೆ. ಬಾಗಿಲ ಹೊರಗೆ ಮಕ್ಕಳ ಚಪ್ಪಲಿಗಳು — ಎರಡು ಗುಂಪು. ಒಳಗೆ ಮಕ್ಕಳೂ ಹಾಗೇ. ಎಡಗಡೆ ಒತ್ತೊತ್ತಾಗಿ ಇಪ್ಪತ್ತಾರು ಮಂದಿ. ಬಲಗಡೆ ಗೋಡೆಗೆ ಜೈನಬ ಮತ್ತು ದಸ್ತಗೀರ, ಇಬ್ಬರೇ. ನಡುವೆ ನೆಲದ ಮೇಲೆ ಚಾಕ್‌ಪೀಸಿನ ಗೆರೆ. ನಾನು ಬೋರ್ಡಿನ ಮೇಲೆ ಎಳೆದಂಥದೇ.

“ಯಾರ ಪಟ್ಟಿಯಾಗ ಹೊರಗಿನವು ಹೆಚ್ಚಿಗಿ ಅದಾವೋ ಅವರು ಆಕಡೆರೀ,” ಲಕ್ಷ್ಮಪ್ಪ ವರದಿ ಒಪ್ಪಿಸಿದ.

ಗದ್ದಲ ಇರಲಿಲ್ಲ. ಎಲ್ಲರೂ ಕೈಕಟ್ಟಿ ಕೂತಿದ್ದರು. ಅಷ್ಟು ಸುಮ್ಮನೆ ಅವರು ಎಂದೂ ಕೂತವರಲ್ಲ. ನನ್ನ ತಲೆ ಸಿಡಿಯುತ್ತಿತ್ತು... ಹಾಗೇ ಬಿಟ್ಟೆ. ನಲವತ್ತು ನಿಮಿಷ ಗಣಿತ ಮಾಡಿಸಿದೆ. ಗೆರೆಯ ಮೇಲೆ ಕಾಲಿಡದೆ ಓಡಾಡಿದೆ. ಹೌದು, ದಾಟುವಾಗ ನಾನೂ ಕಾಲು ಎತ್ತಿಟ್ಟೆ.

ಜನವರಿ 18

ದಸ್ತಗೀರ ನಗುನಗುತ್ತ ಎಡಗಡೆ ಹೋಗಿ ತೂರಿಕೊಂಡ. ಯಾರೂ ಬೇಡ ಅನ್ನಲಿಲ್ಲ. ಅವರಿಗೆ ಅದು ಆಟ. ಜೈನಬ ಕದಲಲಿಲ್ಲ. ಅವಳಿಗೆ ಅದು ನಾನು ಹೇಳಿದ ಪಾಠ.

ಜನವರಿ 23. ಸೋಮವಾರ

ಜೈನಬ ಮೂರು ದಿನದಿಂದ ಬಂದಿಲ್ಲ. ಹಾಜರಿ ಪುಸ್ತಕದಲ್ಲಿ ಅವಳ ಹೆಸರಿನ ಮುಂದೆ ಸೊನ್ನೆ ಹಾಕುವಾಗ ಮೆಲ್ಲಗೆ ಹಾಕುತ್ತೇನೆ.

ಹಜರತಬಿ ದಿನವೂ ಬರುತ್ತಾಳೆ. “ಹೊಟ್ಟಿ ನೋವು ಅಂತಾಳ್ರೀ,” ಅಷ್ಟೇ. ಕೂಸಿಗೆ ಎಣ್ಣೆ ಹಚ್ಚುತ್ತಾಳೆ. ಮುಖದಲ್ಲಿ ಏನೂ ಇಲ್ಲ. ನನಗಿಂತ ಹದಿನೈದು ವರ್ಷ ದೊಡ್ಡವಳು. ನಾನು ಅವಳಿಗೆ ‘ನೀ’ ಅನ್ನುತ್ತೇನೆ.

ಗೊತ್ತಿಲ್ಲ ಅವಳಿಗೆ. ಗೊತ್ತಾದರೆ ಬರುವುದಿಲ್ಲ. ಅವಳು ಬಿಟ್ಟರೆ ಕೂಸು? ನನ್ನ ನೌಕರಿ? ಹೇಳಬೇಕು. ನಾಳೆ ಹೇಳುತ್ತೇನೆ.

ಫೆಬ್ರವರಿ 4. ಶನಿವಾರ

ಹೇಳಲಿಲ್ಲ. ಹನ್ನೆರಡು ದಿನ.

ಇಂದು ಹಜರತಬಿಯೇ ಹೇಳಿದಳು, ತೊಟ್ಟಿಲು ತೂಗುತ್ತ. ಜೈನಬಳನ್ನು ಮಂಗಳವಾರ ಮಡಗಾಂವಕ್ಕೆ ಕಳಿಸುತ್ತಾರಂತೆ. ಯಾರದೋ ಬಂಗಲೆ. ಅಲ್ಲೇ ಇದ್ದು ಪಾತ್ರೆ, ಬಟ್ಟೆ. ಹನ್ನೊಂದು ವರ್ಷದ ಹುಡುಗಿ. “ಸಾಲಿ ಒಲ್ಲೆ ಅಂತಾಳ್ರೀ. ಮನ್ಯಾಗ ಕುಂತು ಏನ್ ಮಾಡ್ತಾಳ?”

ಬಾಯಿ ತೆರೆದೆ. “ಕೂಸಿನ ಟೊಪ್ಪಿಗಿ ಎಲ್ಲಿ?” ಎಂದು ಕೇಳಿದೆ.

ಸಂಜೆ ವಾಸ್ಕೋ ಮಾರ್ಕೆಟ್ಟಿಗೆ ಹೋದೆ. ಬದನೆಕಾಯಿ ಆರಿಸುತ್ತಿದ್ದಾಗ ಮಾರುವವಳು ಪಕ್ಕದವಳಿಗೆ ಕೊಂಕಣಿಯಲ್ಲಿ ಏನೋ ಅಂದು ನಕ್ಕಳು. ‘ಘಾಟಿ’ ಎಂಬುದೊಂದು ತಿಳಿಯಿತು. ಘಟ್ಟದಾಚೆಯಿಂದ ಬಂದು ಬಿದ್ದವರು ಎಂದು. ಚೀಲ ಅಲ್ಲೇ ಬಿಟ್ಟು ಬಂದೆ. ಮನೆಗೆ ಬಂದು ಇವರ ಮುಂದೆ ಅತ್ತೆ. ಅಳುತ್ತಳುತ್ತ ತರಗತಿಯದೂ ಬಾಯಿಗೆ ಬಂತು, ಎಲ್ಲ. ಇವರು ಬಂದರಿನಿಂದ ಆಗಷ್ಟೇ ಬಂದು ಕಾಲು ತೊಳೆಯುತ್ತಿದ್ದರು. ನೀರು ಕೆಂಪಗೆ ಹರಿಯುತ್ತಿತ್ತು.

“ಅಂದ್ರ ನೀ ಮಾತಿಗೂ ರೇಷನ್ ಕಾರ್ಡ್ ಕೇಳಿದಿ?” ಅಂದರು.

ನಗಿಸಲು ಅಂದದ್ದು. ನಗು ಬರಲಿಲ್ಲ.

ಆಮೇಲೆ ನಿಘಂಟು ತೆಗೆದು ನನ್ನ ಮನೆಯ ಮಾತುಗಳನ್ನೇ ನೋಡುತ್ತ ಹೋದೆ. ದಿನಾ ಹುಡುಕುವ ಚಾವಿ. ಸಾರಿನೊಳಗಿನ ಬಟಾಟಿ. ಇವರು ಕಾಯುವ ಪಗಾರ. ಎಲ್ಲವೂ ಹಡಗು ಹತ್ತಿ ಪೋರ್ಚುಗೀಸರೊಂದಿಗೆ ಬಂದವು. ಜೈನಬಳಿಗೆ ನಾನು ಅನ್ನಬೇಕಾಗಿದ್ದ ಶಹಬ್ಬಾಸ್ — ಅದೂ ಬಲಗಡೆಯದೇ. ನಿಘಂಟು ಅಂದೂ ನನ್ನ ಕೈಯಲ್ಲೇ ಇತ್ತು.

ಫೆಬ್ರವರಿ 5. ಭಾನುವಾರ. ಬೆಳಗ್ಗೆ 10

ಹೇಳಿದೆ.

ಹಜರತಬಿ ಬಚ್ಚಲಲ್ಲಿ ಕಾಲು ಚಾಚಿ ಕೂತು ಕೂಸಿಗೆ ಎರೆಯುತ್ತಿದ್ದಳು. ನಾನು ಬಿಸಿನೀರು ತೋಡಿ ಕೊಡುತ್ತಿದ್ದೆ. ಬೋರ್ಡು, ಪಟ್ಟಿ, ಗೆರೆ, ಅವತ್ತು ನಾನು ಸುಮ್ಮನಿದ್ದದ್ದು. ಅವಳ ಕೈ ನಿಲ್ಲಲಿಲ್ಲ.

“ಗೊತ್ತೈತ್ರೀ. ಅವತ್ತಽ ಅಳಕೊಂತ ಬಂದು ಹೇಳಿದ್ಳು.”

“ಗೊತ್ತಿದ್ದೂ ದಿನಾ ಬಂದಿ?”

“ಕೂಸು ಏನ್ ಮಾಡೈತ್ರೀ?”

ಕೂಸಿನ ಹಣೆಗೆ ಅಂಗೈ ಅಡ್ಡ ಹಿಡಿದು ತಲೆಗೆ ನೀರು ಹಾಕಿದಳು. ಕಣ್ಣಿಗೆ ಒಂದು ಹನಿ ಹೋಗಲಿಲ್ಲ.

“ಈಗ ಮನ್ಯಾಗ ಮಾತಽ ಆಡೂದಿಲ್ರೀ ಅಕಿ. ನಾ ದವಾಖಾನಿಗಿ ಹೊಂಟೇನಿ ಅಂದ್ರ, ಅಮ್ಮಾ ಅದು ಹೊರಗಿಂದು ಅಂತಾಳ. ಹಂಗಾರ ಏನನ್ಲಿ ಅಂದ್ರ ಸುಮ್ಮ ಕುಂದ್ರತಾಳ. ನಾನೂ ಅಕಿ ಮುಂದ ಬಾಯಿ ತಗಿಯೂದು ಬಿಟ್ಟೇನಿ. ಏನ್ ತಪ್ಪಾಕ್ಕತೋ ಅಂತ.”

ತಂಬಿಗೆ ನನ್ನ ಕೈಯಲ್ಲೇ ಉಳಿಯಿತು.

“ನಾನು ಸಂಜಿಗೆ ನಿಮ್ಮ ಮನಿಗೆ ಬಂದು ಅಕಿಗೆ ಹೇಳ್ತೀನಿ. ತಪ್ಪು ನಂದು ಅಂತ.”

“ಮನ್ಯಾಗ ಬ್ಯಾಡ್ರಿ. ನೀವು ಅಂದಿದ್ದು ಸಾಲ್ಯಾಗ.”

ಕೂಸನ್ನು ಟವೆಲಿನಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟಳು. “ನಾಳೆ ಕರಕೊಂಡು ಬರ್ತೇನಿ. ಒಳಗ ಬಂದು ಕುಂತ್ಳಂದ್ರ ಮಡಗಾಂವಕ್ಕ ಕಳಸೂದಿಲ್ಲ. ಕುಂದರ್ಲಿಲ್ಲಂದ್ರ ಮತ್ತ ನಾ ಏನೂ ಹೇಳೂದಿಲ್ರೀ.”

ಅಕ್ಕಾ ಎಂದು ಕರೆಯಬೇಕು ಅನ್ನಿಸಿತು. ಬಾಯಿ ಬರಲಿಲ್ಲ.

ಫೆಬ್ರವರಿ 6. ಸೋಮವಾರ. 11-05, ಬಿಡುವಿನಲ್ಲಿ

ಕೂಸು ತೊಡೆಯ ಮೇಲಿದೆ. ಆದಷ್ಟು ಬರೆಯುತ್ತೇನೆ.

ಎಂಟೂವರೆಗೆ ಬಂದರು. ಹಜರತಬಿ ಕೂಸನ್ನು ಸೊಂಟದ ಮೇಲೆ ಇಟ್ಟುಕೊಂಡು ಅಂಗಳದಲ್ಲೇ ನಿಂತಳು. ಜೈನಬ ಬಾಗಿಲತನಕ ಬಂದು ನಿಂತಳು, ಚೀಲ ಎದೆಗೆ ಅವಚಿಕೊಂಡು. ಚಪ್ಪಲಿ ಕಾಲಲ್ಲೇ.

ನಾನು ಎದ್ದು ನಿಂತೆ. ಹೇಳಿದೆ.

ಹಿಂದಿನಿಂದ ಸಾವಂತ್ರೆವ್ವ, “ಕೇಳಸವಲ್ದ್ರೀ ಅಕ್ಕೋರ!”

ಮತ್ತೆ ಹೇಳಿದೆ.

“ಅರ್ಧಾ ಕೇಳ್ತ್ರೀ!”

ಮೂರನೆಯ ಸಲ ಕೂಗಿಯೇ ಹೇಳಿದೆ. ಜೈನಬಳ ಪಟ್ಟಿ ಎಲ್ಲರದಕ್ಕಿಂತ ಚಲೋ ಇತ್ತು. ಶಹಬ್ಬಾಸ್ ಅನ್ನಲಿಲ್ಲ, ನಿಮ್ಮನ್ನು ನಗಿಸಿದೆ. ನೀವು ಬೇರೆ ಕೂತಾಗ ನೋಡಿಯೂ ಸುಮ್ಮನಿದ್ದೆ. ತಪ್ಪು ನಿಮ್ಮದಲ್ಲ, ನನ್ನದು. ಗೆರೆ ಎಳೆದವಳು ನಾನು.

ಪಕ್ಕದ ಕೋಣೆಯ ಮಗ್ಗಿ ನಿಂತುಹೋಯಿತು. ಹೆಡ್‌ಮಾಸ್ತರರು ಬಾಗಿಲಿಗೆ ಬಂದು, “ಏನ್ ನಡಿಸೀರಿ ಬಾಯಾರ? ಹುಡುಗರ ಮುಂದ ಹಿಂಗ ಅಂದ್ರ ಏನ್ ಕಿಮ್ಮತ್ತು ಉಳೀತೈತಿ?” ಅಂದರು. ಕಿವಿಯ ತುದಿತನಕ ಬಿಸಿಯಾಯಿತು. ಕೂತುಬಿಡಬೇಕು ಅನ್ನಿಸಿತು. ಕೂಡಲಿಲ್ಲ.

ಯಾರೂ ನಗಲಿಲ್ಲ. ಲಕ್ಷ್ಮಪ್ಪ ತಲೆ ತಗ್ಗಿಸಿ ಕಾಲಿನಿಂದ ನೆಲ ಉಜ್ಜುತ್ತಿದ್ದ. ಗೆರೆ ಎಂದೋ ಅಳಿಸಿಹೋಗಿತ್ತು, ಆದರೂ ಅದೇ ಜಾಗವನ್ನು.

“ಒಳಗ ಬಾ ಜೈನಬ,” ಅಂದೆ.

“ಎಲ್ಲಿ ಕುಂದರ್ಲ್ರೀ?”

“ನೀ ಎಲ್ಲಿ ಅಂತಿ ಅಲ್ಲಿ.”

ಅವಳು ನನ್ನನ್ನು ನೋಡಿದಳು. ಇಪ್ಪತ್ತೇಳು ಮಕ್ಕಳನ್ನೂ ನೋಡಿದಳು. ತಿರುಗಿ ಅಮ್ಮನನ್ನು ನೋಡಿದಳು. ಹಜರತಬಿ ಕೈ ಮಾಡಲಿಲ್ಲ, ತಲೆ ಆಡಿಸಲಿಲ್ಲ. ಕೂಸನ್ನು ಇನ್ನೊಂದು ಸೊಂಟಕ್ಕೆ ಬದಲಿಸಿಕೊಂಡಳು.

ಜೈನಬ ಬಗ್ಗಿದಳು. ಒಂದು ಚಪ್ಪಲಿ ಬಿಚ್ಚಿ ಎಲ್ಲರ ಚಪ್ಪಲಿಗಳ ನಡುವೆ ಇಟ್ಟಳು. ಇನ್ನೊಂದರ ಪಟ್ಟಿಗೆ ಕೈ ಹಾಕಿ — ಗಂಟೆಯಾಯಿತು, ಒಳಗೆ ಜೈನಬಳೂ ಸೇರಿ ಇಪ್ಪತ್ತೆಂಟು ಮಕ್ಕಳು ಕಾಯುತ್ತಿದ್ದಾರೆ.