ಅಜ್ಜನೊಬ್ಬ ದಾಟುವುದು ಬಾಕಿ

ದೊಡವಾಡ
೯ ಜುಲೈ ೨೦೨೪, ಮಂಗಳವಾರ

ಪ್ರೀತಿಯ ಅಜ್ಜಾ,

ಪ್ಲಾಸ್ಟರ್ ಕಾಲಿನಿಂದ ಸಾಷ್ಟಾಂಗ ಆಗುವುದಿಲ್ಲ. ಹೊರಸಿನ ಮೇಲೆ ಕುಳಿತೇ ನಮಸ್ಕಾರ ಮಾಡಿದ್ದೇನೆ. ಸಿಟ್ಟಿನಲ್ಲಿ ನೀನು ಫೋನನ್ನು ಇಲ್ಲೇ ಬಿಟ್ಟು ರಾಮದುರ್ಗಕ್ಕೆ, ಅತ್ತೆಯ ಮನೆಗೆ ಹೋದೆ. ಅತ್ತೆಯ ಫೋನಿಗೆ ಮಾಡಿದರೆ, 'ಮಲಗ್ಯಾನಂತ ಹೇಳವಾ' ಎಂದು ನೀನು ಪಿಸುಗುಡುವುದು ನನಗೇ ಕೇಳಿಸುತ್ತದೆ. ಅದಕ್ಕೇ ಈ ಪತ್ರ.

ಖೋ-ಖೋ ಆಡುವಾಗ ಬಿದ್ದವಳು ನಾನು, ಜಗಳವಾಡಿದವರು ನೀನು ಮತ್ತು ಅಜ್ಜಿ. ಊದಿದ ನನ್ನ ಕಾಲಿನ ಹರಡು ತಿಕ್ಕಲು ಅಜ್ಜಿ, ಊರಲ್ಲಿ ಉಳುಕು ತೆಗೆಯುವ ಮಡಿವಾಳೆಪ್ಪನನ್ನು ಕರೆಸಿದ್ದಳು. ಅವನು ಎಣ್ಣೆ ಬಿಸಿ ಮಾಡುವಷ್ಟರಲ್ಲಿ ನೀನು ನನ್ನನ್ನು ಧಾರವಾಡದ ಬಸ್ಸು ಹತ್ತಿಸಿದ್ದೆ. ಮರಳಿ ಬಂದಾಗ ಅಜ್ಜಿ ಏನೇನೋ ಅಂದಳು. ಅಂದದ್ದು ತಪ್ಪೇ. ಆದರೆ ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಅನ್ನುತ್ತಾರಲ್ಲ, ಐದು ವಾರದಿಂದ ಅತ್ತೆ ನಿನಗೆ ಉಣ್ಣಲು ಹಾಕೇ ಇಲ್ಲವೇನು?

ಇಲ್ಲಿಯ ಸುದ್ದಿ ಕೇಳು. ಪೆಟ್ಟು ಬಿದ್ದದ್ದು ಎಲುಬು ಬೆಳೆಯುವ ಜಾಗಕ್ಕೆ, ಆರು ವಾರದೊಳಗೆ ಕಾಲು ಊರಿದರೆ ಬೆಳವಣಿಗೆ ನಿಂತೀತು ಎಂದ ಡಾಕ್ಟರ ಮಾತನ್ನು ಅಜ್ಜಿಗೆ ಹೇಳಿದೆ. ಅವಳು ಹಿಡಿದುಕೊಂಡದ್ದು ಕೊನೆಯ ಮಾತನ್ನಷ್ಟೇ. 'ಬೆಳಿಯೂದು ನಿಲ್ಲತೈತಿ ಅಂದ್ರ, ಮಲಗಿದ ಕೂಸಿನ್ನ ಯಾರೋ ದಾಟ್ಯಾರ' ಎಂದು ವಿಚಾರಣೆ ಶುರು ಮಾಡಿದಳು. ದಾಟಿದವರು ತಿರುಗಿ ದಾಟಿದರೆ ದೋಷ ಹೋಗುತ್ತದಂತೆ. ಮೊನ್ನೆ ನನ್ನನ್ನು ಪಡಸಾಲೆಯಲ್ಲಿ ಮಲಗಿಸಿ ಎಲ್ಲರನ್ನೂ ಸಾಲಾಗಿ ನಿಲ್ಲಿಸಿದಳು. ಬಾಳೇಶ ಕಾಕಾ ದಾಟಿದ. ಮಗ್ಗುಲಮನೆಯ ಸೀತವ್ವ, 'ನಾ ಯಾವಾಗ ದಾಟೇನಿ ಬೇ?' ಎನ್ನುತ್ತಲೇ ಸೀರೆ ಎತ್ತಿ ಹಿಡಿದು ದಾಟಿದಳು. ನಮ್ಮ ಆಡನ್ನೂ ಬಿಡಲಿಲ್ಲ. ಅದು ಎಷ್ಟು ಎಳೆದರೂ ದಾಟದೆ ನನ್ನ ತಲೆದಿಂಬಿನ ಪಕ್ಕ ಹಿಕ್ಕೆ ಹಾಕಿ ನಿಂತಿತು.

ಎಲ್ಲರೊಡನೆ ನಾನೂ ನಕ್ಕೆ ಅಜ್ಜಾ, ಆದರೆ ನನಗೆ ಹೆದರಿಕೆ ಆಗಿದೆ. ಒಂದು ಕಾಲು ಗಿಡ್ಡ ಉಳಿದರೆ? ದಿನಾ ಎರಡೂ ಕಾಲು ಚಾಚಿ ಹೋಲಿಸಿ ನೋಡುತ್ತೇನೆ. ಪ್ಲಾಸ್ಟರಿನ ದೆಸೆಯಿಂದ ಏನೂ ತಿಳಿಯುವುದಿಲ್ಲ. ಬರುವ ಸೋಮವಾರ ಅದನ್ನು ಬಿಚ್ಚಿ ಎಕ್ಸ್‌ರೇ ತೆಗೆಯುತ್ತಾರೆ. ಅಪ್ಪನಿಗೆ ಆಸ್ಪತ್ರೆಯ ವಾಸನೆಗೇ ತಲೆ ತಿರುಗುತ್ತದೆ. ಅವನನ್ನು ಹಿಡಿಯಲು ಇನ್ನೊಬ್ಬರು ಬೇಕು. ಅವತ್ತು ನನ್ನ ಕೈ ಹಿಡಿದು ಕುಳಿತವನು ನೀನು. ಈಗಲೂ ನೀನೇ ಬೇಕು.

ಅಜ್ಜಿಯ ಪ್ರಕಾರ ಇನ್ನು ದಾಟಬೇಕಾದವನು ನೀನೊಬ್ಬನೇ. ಭಾನುವಾರದೊಳಗೆ ಬಂದು ದಾಟು.

ನಿನ್ನ ಕುಂಟುವ ಮೊಮ್ಮಗಳು,
ಅನ್ನಪೂರ್ಣಾ

ತಾ.ಕ.: ನೀನು ನನ್ನನ್ನು ಎಂದೂ ದಾಟಿಲ್ಲ. ಅಜ್ಜನೂ ದಾಟಿದ್ದ ಎಂದು ಸುಳ್ಳು ಹೇಳಿದವಳು ನಾನೇ. ಯಾವಾಗ, ಎಲ್ಲಿ ಎಂದು ಉಳಿದವರ ಜೀವ ತಿಂದ ಅಜ್ಜಿ, ನಿನ್ನ ಹೆಸರಿಗೆ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. 'ಹಂಗಾರ ಅವ್ರು ಬರಬೇಕಾತಲ್ಲ' ಎಂದವಳೇ ನಿನ್ನ ಹಾಸಿಗೆಯನ್ನು ಬಿಸಿಲಿಗೆ ಹಾಕಿದಳು.