ಮೂರನೆಯ ಕರೆ

ಸಿರ್ಸೋಲಿ, ಊಖೀಮಠದ ಹತ್ತಿರ
೨೮ ನವೆಂಬರ್ ೨೦೧೧

ಮಗಳು ಸಾರಿಕಾಳಿಗೆ ಮಾವ ಗಜಪಾಲನ ಆಶೀರ್ವಾದಗಳು.

ನಿನ್ನ ಹೆಸರಿಗೆ ಮೊದಲು ಒಂದು ಪದ ಹೊಡೆದುಹಾಕಿರುವುದು ನಿನಗೆ ಕಾಣುತ್ತದೆ. ಐದು ವರ್ಷ ಸೌಭಾಗ್ಯವತಿ ಎಂದೇ ಶುರುಮಾಡುತ್ತಿದ್ದೆ. ಕೈ ತಾನಾಗಿ ಬರೆದುಬಿಟ್ಟಿತು. ಬೇರೆ ಹಾಳೆ ತೆಗೆದುಕೊಳ್ಳಬಹುದಿತ್ತು, ಆದರೆ ಇನ್ನೊಂದು ಸಲ ಶುರುಮಾಡುವ ಶಕ್ತಿ ಇರಲಿಲ್ಲ. ತಪ್ಪು ತಿಳಿಯಬೇಡ.

ನಿನ್ನ ಎರಡೂ ಪತ್ರಗಳು ಬಂದವು. ಮೊದಲನೆಯದು ಆಗಸ್ಟಿನಲ್ಲೇ ಬಂದಿತ್ತು. ರಸ್ತೆ ಕುಸಿದದ್ದರಿಂದ ಉತ್ತರ ತಡವಾಯಿತು ಎಂದು ಬರೆದರೆ ನೀನು ನಂಬುತ್ತೀಯ. ಕುಸಿದದ್ದು ನಿಜ, ಆದರೆ ಹತ್ತು ದಿನ ಮಾತ್ರ. ಉಳಿದ ಮೂರು ತಿಂಗಳು ತಡ ಮಾಡಿದವನು ನಾನು. ನೀನು ಕೇಳಿದ್ದು ಒಂದೇ ಮಾತು, ಮಗು ಪಂಖುವನ್ನು ಯಾವಾಗ ಕಳಿಸುತ್ತೀರಿ ಎಂದು. ಅದಕ್ಕೆ ಬರುತ್ತೇನೆ. ಮೊದಲು ಮನೆಯ ಸಮಾಚಾರ.

ತುಂಗನಾಥನ ಬಾಗಿಲು ಮುಚ್ಚಿ, ಪಲ್ಲಕ್ಕಿ ಮಕ್ಕು ಊರಿಗೆ ಇಳಿದು ಬಂದಾಯಿತು. ಇನ್ನು ಆರು ತಿಂಗಳು ದಾರಿ ತೋರಿಸುವ ಕೆಲಸ ನನಗಿಲ್ಲ. ಈ ವರ್ಷ ಯಾತ್ರಿಕರನ್ನು ದೇವರಿಯಾ ತಾಲ್ ಕೆರೆಯವರೆಗೆ ಮಾತ್ರ ಕರೆದೊಯ್ದೆ. ಅಲ್ಲಿಂದ ಮೇಲಿನ ಹುಲ್ಲುಗಾವಲಿಗೆ ಯಾರಾದರೂ ಕೇಳಿದರೆ ಮೊಣಕಾಲು ನೋವು ಎನ್ನುತ್ತೇನೆ. ನಿಜವಾಗಿ ಮೊಣಕಾಲು ಹಿಡಿದಿರುವುದು ನಿನ್ನ ಅತ್ತೆಗೆ. ಆದರೂ ಗೋದಾಂಬರಿ ದಿನವೂ ಹುಲ್ಲಿಗೆ ಹೋಗುತ್ತಾಳೆ. ಬೇಡ ಎಂದರೆ, "ಮನೇಲಿ ಕೂತ್ಕೊಂಡು ನಿಮ್ಮ ಮುಖ ನೋಡ್ಲಾ" ಎನ್ನುತ್ತಾಳೆ.

ಪಂಖುವಿಗೆ ನಾಲ್ಕು ತುಂಬಿತು. ಚೆನ್ನಾಗಿ ತಿನ್ನುತ್ತಾಳೆ. ಸೌತೆಕಾಯಿಗೆ ಉಪ್ಪು ಖಾರ ಹಚ್ಚಿಕೊಟ್ಟರೆ ಕಣ್ಣಲ್ಲಿ ನೀರು ಬಂದರೂ ಬಿಡುವುದಿಲ್ಲ, ಅದು ಅವಳ ಅಪ್ಪ ಮನವರನ ಬುದ್ಧಿ. ನೀನು ಕಳಿಸಿದ ಫ್ರಾಕು ಬಂತು. ಅದರ ಬಣ್ಣ ಕೆಂಪು. ನಿನಗೆ ತಿಳಿಯಬೇಕಿತ್ತು ಎಂದು ನಾನು ಹೇಳುವುದಿಲ್ಲ, ಮಗುವಿಗೆ ಒಪ್ಪುವುದನ್ನು ತಾಯಿ ಕೊಂಡಿದ್ದಾಳೆ ಅಷ್ಟೆ. ಗೋದಾಂಬರಿ ಅದನ್ನು ಹರಿದು ಎಮ್ಮೆಯ ಕೆಚ್ಚಲು ಒರೆಸಲು ಇಟ್ಟುಕೊಂಡಿದ್ದಾಳೆ. ಚೆನ್ನಾಗಿದೆ, ಹಾಕಿಕೊಳ್ಳುತ್ತಾಳೆ ಎಂದು ಬರೆಯಲು ಹೊರಟಿದ್ದೆ. ಬರೆಯಲಾಗಲಿಲ್ಲ.

ಮನವರನ ವರ್ಷಾಬ್ದಿಕ ಅಕ್ಟೋಬರಿನಲ್ಲಿ ಮುಗಿಯಿತು. ನಿನಗೆ ಹೇಳಿಕಳಿಸಲಿಲ್ಲ. ಹೇಳೋಣವೇ ಎಂದು ಒಂದು ಸಲ ಕೇಳಿದೆ. "ಅವಳು ಬಂದ್ರೆ ಪಿಂಡಕ್ಕೆ ಕಾಗೆನೂ ಬರಲ್ಲ" ಎಂದಳು ಗೋದಾಂಬರಿ. ಎರಡನೆಯ ಸಲ ಕೇಳಲಿಲ್ಲ.

ಕಳೆದ ವರ್ಷ ನೀವು ಬಂದಿದ್ದ ಆ ನಾಲ್ಕು ದಿನಗಳನ್ನು ನೆನೆಸಿಕೊಳ್ಳುತ್ತಿರುತ್ತೇನೆ. ಮೂವತ್ತೊಂದು ವರ್ಷ ಪರವೂರಿನವರ ಚೀಲ ಹೊತ್ತು, ಅದು ಚೌಖಂಬಾ, ಇದು ಕೇದಾರ ಎಂದು ಬೆರಳು ತೋರಿಸಿದವನು ನಾನು. ನನ್ನ ಮನೆಯವರಿಗೆ ಒಂದು ದಿನವೂ ತೋರಿಸಿರಲಿಲ್ಲ. ನೀವು ಕೋಟದ್ವಾರದಿಂದ ಬಂದ ದಿನ ಮನವರ, "ಬಾಬಾ, ಈ ಸಲ ನಾವೇ ಯಾತ್ರಿಕರು. ಟೋಪಿ ಹಾಕ್ಕೊಂಡು ಮುಂದೆ ನಡೀರಿ, ಬೈಬೇಡಿ, ಯಾತ್ರಿಕರನ್ನ ಬೈಯೋ ಹಾಗಿಲ್ಲ" ಎಂದ. ಮೊದಲ ದಿನ ಊಖೀಮಠದ ಗುಡಿ. ಮರುದಿನ ತುಂಗನಾಥ, ಅಲ್ಲಿಂದ ಚಂದ್ರಶಿಲೆ. ತುದಿಯಲ್ಲಿ ನೀವೆಲ್ಲ ಫೋಟೋ ತೆಗೆಯುತ್ತಿದ್ದರೆ ಗೋದಾಂಬರಿ ಕಲ್ಲಿನ ಮೇಲೆ ಕೂತು, "ಈ ಹಿಮ ನೋಡಕ್ಕೆ ಇಷ್ಟು ಹತ್ತಬೇಕಿತ್ತಾ, ಕೊಟ್ಟಿಗೆ ಹಿಂದೆ ನಿಂತ್ರೆ ಕಾಣುತ್ತೆ" ಎಂದಳು. ನೀನು ನಕ್ಕು ನಕ್ಕು ಅವಳ ಭುಜಕ್ಕೆ ಒರಗಿದೆ. ಅವಳೂ ನಕ್ಕಳು. ಈಗ ನೆನಪಿಸಿದರೆ, ತಾನು ನಕ್ಕೇ ಇರಲಿಲ್ಲ ಎನ್ನುತ್ತಾಳೆ.

ಮೂರನೆಯ ದಿನ ಮನೆಯಲ್ಲೇ ಇದ್ದೆವು. ನಾಲ್ಕನೆಯ ದಿನ ಕೆರೆ. ಗಾಳಿ ಇರಲಿಲ್ಲ, ಚೌಖಂಬಾ ಶಿಖರ ನೀರಿನಲ್ಲಿ ತಲೆಕೆಳಗಾಗಿ ಹಾಗೇ ನಿಂತಿತ್ತು. ದಡದಲ್ಲಿ ಕೂತು ಪಂಖುವಿಗೆ ಬೆಟ್ಟದ ಮೋಹಿನಿಯರಾದ ಆಚ್ರಿಗಳ ವಿಷಯ ಹೇಳಿಕೊಟ್ಟೆ. ಎತ್ತರದ ಹುಲ್ಲುಗಾವಲು ಅವರ ಅಂಗಳ. ಚೆಂದದವರನ್ನು, ಕೆಂಪು ಉಟ್ಟವರನ್ನು, ಹಾಡುವವರನ್ನು ಕಂಡರೆ ಹೆಸರು ಕಲಿತುಕೊಂಡು, ಮನೆಯವರ ದನಿಯಲ್ಲೇ ಕರೆದು ಒಯ್ಯುತ್ತಾರೆ. "ಆದ್ರೆ ಅವರಿಗೆ ಎರಡೇ ಸಲ ಕರೆಯೋಕೆ ಬರೋದು, ಪುಟ್ಟಿ. ಮೂರನೇ ಸಲ ಕರೆದ್ರೆ ಮನುಷ್ಯರು. ಅಲ್ಲೀವರೆಗೂ ಓಗೊಡಬಾರದು." ಮನವರ ರೊಟ್ಟಿ ಜಗಿಯುತ್ತ, "ನನಗೂ ಹೀಗೇ ಹೇಳಿ ಹೇಳಿ, ಶಾಲೇಲಿ ಹಾಜರಿ ಕರೆಯುವಾಗ ಮೇಷ್ಟ್ರು ಮೂರು ಸಲ ಕೂಗಬೇಕಾಗಿತ್ತು" ಎಂದ. ಪಂಖು ಅದನ್ನು ಆಟ ಮಾಡಿಕೊಂಡಳು. ನೀನು ಊಟಕ್ಕೆ ಕರೆದರೂ ಬಾಯಿ ಬಿಗಿಹಿಡಿದು ಬೆರಳು ಎಣಿಸುತ್ತಿದ್ದಳು.

ಊಟದ ಮೇಲೆ ಅಜ್ಜಿಯನ್ನೂ ಮೊಮ್ಮಗಳನ್ನೂ ಕೆರೆಯ ಬಳಿ ಚಹಾದಂಗಡಿಯಲ್ಲಿ ಬಿಟ್ಟು ನಾವು ಮೂವರು ಹುಲ್ಲುಗಾವಲಿಗೆ ಹತ್ತಿದೆವು. ನೀನು ಕೆಂಪು ಜಾಕೀಟು ಹಾಕಿದ್ದೆ. ಹಾಡು ಹೇಳುತ್ತಿದ್ದೆ. ನಾನು ಬೇಡ ಎನ್ನಲಿಲ್ಲ. ಯಾತ್ರಿಕರನ್ನು ಬೈಯುವ ಹಾಗಿಲ್ಲ ಎಂದಿದ್ದನಲ್ಲ.

ಮುಂದಿನದು ನಿನಗೆ ಗೊತ್ತಿದೆ. ಮನವರ ಮೂತ್ರಕ್ಕೆಂದು ಬದಿಗೆ ಹೋದ, ಮಂಜು ಬಂತು. ಅಷ್ಟು ಬೇಗ ಬರುವ ಮಂಜನ್ನು ನಾನು ಹತ್ತಾರು ಸಲ ನೋಡಿದ್ದೇನೆ. ನಿಂತಲ್ಲೇ ನಿಂತರೆ ಕರಗುತ್ತದೆ. ನೀನು "ಮನವರ್, ಮನವರ್" ಎಂದು ಕೂಗತೊಡಗಿದೆ. ನಾನು ನಿನ್ನ ಬಾಯಿ ಮುಚ್ಚಿದೆ. "ಹೆಸರು ಹಿಡಿದು ಕರೀಬೇಡ. ಇಲ್ಲಿ ಕೇಳಿಸ್ಕೊಳ್ಳೋರು ಬೇರೆ ಇದಾರೆ." ನೀನು ಕೈ ಕಿತ್ತುಕೊಂಡು, "ಬಾಬೂಜಿ, ಕೂಗದಿದ್ರೆ ಅವರಿಗೆ ನಾವೆಲ್ಲಿದ್ದೀವಿ ಅಂತ ಹೇಗೆ ಗೊತ್ತಾಗ್ಬೇಕು" ಎಂದೆ. ನಾನು ಮತ್ತೆ ಮುಚ್ಚಿದೆ. ನಿನ್ನ ಹಲ್ಲಿನ ಗುರುತು ಅಂಗೈಯಲ್ಲಿ ಒಂದು ವಾರ ಇತ್ತು. ಮಂಜು ಸರಿಯಲು ಮುಕ್ಕಾಲು ಗಂಟೆ ಹಿಡಿಯಿತು. ಅಂಚಿನಿಂದ ಎಂಟು ಆಳುದ್ದ ಕೆಳಗೆ, ಓಕ್ ಮರದ ಬುಡಕ್ಕೆ ಸಿಕ್ಕಿಕೊಂಡಿದ್ದ.

ನಾವು ಅವನ ಹೆಣ ಹೊತ್ತು ತಂದ ದಿನವೇ ಊರಿಗೆ ಕಾರಣ ಬೇಕಾಯಿತು, ಸಿಕ್ಕಿತು ಕೂಡ. ನೀರಿನ ನಲ್ಲಿಯ ಹತ್ತಿರ ಹೆಂಗಸರು ಆಡಿದ್ದನ್ನು ನೀನೇ ಕೇಳಿದ್ದೆ. ಕೆಂಪು ಉಟ್ಟುಕೊಂಡು ಹಾಡುತ್ತ ಹೋದಳು, ಹೆಂಡತಿ ಬಾಯಲ್ಲಿ ಬರಬಾರದ ಗಂಡನ ಹೆಸರನ್ನು ಆಚ್ರಿಗಳ ಅಂಗಳದಲ್ಲಿ ನಿಂತು ಸಾರಿದಳು ಎಂದು. ಜಾಗರಣೆಯಲ್ಲಿ ಡೋಲು ಬಾರಿಸಿ ದೇವರು ಬರಿಸಿದಾಗ ಮೈದುಂಬಿದವನೂ, ಹೆಸರು ಹೆಣ್ಣಿನ ಬಾಯಿಂದ ಹೋಯಿತು ಎಂದ. ಎಲ್ಲರೂ ನಿನ್ನ ಕಡೆ ತಿರುಗಿದರು. ಹದಿಮೂರನೆಯ ದಿನ ಗೋದಾಂಬರಿ ನಿನ್ನ ಪೆಟ್ಟಿಗೆಯನ್ನು ತಾನೇ ಹೊತ್ತು ಜೀಪಿಗೆ ಹಾಕಿದಳು. ನೀನು ಪಂಖುವನ್ನು ಎತ್ತಿಕೊಳ್ಳಲು ಬಾಗಿದಾಗ ಸೊಸೆ ಎಂದು ಕರೆದೇ ಅವಳು ಅಂದದ್ದು ನನ್ನ ಕಿವಿಯಲ್ಲಿದೆ. "ನಿನ್ನ ಬಾಯಿ ಒಬ್ಬನ ಹೆಸರು ನುಂಗಿತು ಬ್ವಾರಿ. ಇವಳ ಹೆಸರು ನಿನ್ನ ಬಾಯಿಗೆ ಕೊಡಲ್ಲ." ನೀನು ನನ್ನ ಮುಖ ನೋಡಿದೆ. ನಾನು ಜೀಪಿನ ಹಿಂದಿನ ಹಗ್ಗ ಬಿಗಿಯುತ್ತಿದ್ದೆ.

ಈಗ ನಿನ್ನ ಪ್ರಶ್ನೆ. ನಿನ್ನ ಎರಡನೆಯ ಪತ್ರವನ್ನು ಊರ ಪ್ರಧಾನನ ಮನೆಯ ಅಂಗಳದಲ್ಲಿ ಓದಿದರು. ಹಿರಿಯರು ಏಳು ಜನ ಇದ್ದರು. ಮಗು ಇಲ್ಲೇ ಇರಲಿ ಎಂದು ತೀರ್ಮಾನವಾಯಿತು. ತಾಯಿಯಿಂದ ದೂರ ಇಡುವುದು ಸರಿಯೇ ಎಂದು ಒಬ್ಬರು ಕೇಳಿದರು. ಅದಕ್ಕೆ ಗೋದಾಂಬರಿ, "ಇಗಾಸ್ ಹಬ್ಬದ ದಿನ ಫೋನ್ ಮಾಡಿದ್ಲು. ಮಗು ಕಿವೀಗಿಟ್ಕೊಂಡು ಒಂದು ಮಾತೂ ಆಡಲಿಲ್ಲ. ಮಗೂಗೇ ಬೇಡವಾದ್ಮೇಲೆ ನೀವ್ಯಾಕೆ ಅಳ್ತೀರಿ" ಎಂದಳು. ಅದು ನಡೆದದ್ದು ನಿಜ. ನೀನು ಕರೆದೆ, ಅವಳು ಸುಮ್ಮನಿದ್ದಳು. ನೀನು ಅತ್ತದ್ದು ನನಗೂ ಕೇಳಿಸಿತು. ಹಿರಿಯರು ಕೊನೆಗೆ ನನ್ನ ಅಭಿಪ್ರಾಯ ಕೇಳಿದರು. ಮನೆಯವಳು ಹೇಳಿದ್ದೇ ನನ್ನದೂ ಎಂದೆ.

ನಿನಗಿನ್ನೂ ಇಪ್ಪತ್ತೇಳು. ನಿನ್ನ ಅಣ್ಣ ಬೇರೆ ಸಂಬಂಧ ನೋಡಿದರೆ ಬೇಡ ಎನ್ನಬೇಡ. ಪಂಖುವಿಗೆ ಇಲ್ಲಿ ಹಾಲು, ಮೊಸರು, ಬಿಸಿಲು ಎಲ್ಲ ಇದೆ. ಇನ್ನು ಮುಂದೆ ಪತ್ರ ಬರೆದು ನೋವು ಮಾಡಿಕೊಳ್ಳಬೇಡ. ತುಂಗನಾಥ ನಿನ್ನನ್ನು ಎಲ್ಲಿದ್ದರೂ ತಣ್ಣಗೆ ಇಟ್ಟಿರಲಿ. ನಿನ್ನ ತಾಯಿಗೆ ನಮಸ್ಕಾರ ತಿಳಿಸು. ಚಳಿಗೆ ಎದೆ ಬೆಚ್ಚಗಿಟ್ಟುಕೋ, ನಿನಗೆ ಕೆಮ್ಮು ಬೇಗ ಹಿಡಿಯುತ್ತದೆ.

ನಿನ್ನ ಒಳ್ಳೆಯದನ್ನೇ ಬಯಸುವ
ಗಜಪಾಲ್ ಸಿಂಗ್

ಮತ್ತೆ: ೧ ಡಿಸೆಂಬರ್. ಪತ್ರ ಮಡಿಸಿ ಮೂರು ದಿನವಾಯಿತು. ಅಂಚೆ ಚೀಲ ನಾಳೆ ಹೋಗುತ್ತದೆ. ಇವತ್ತು ಪಂಖು ಅಂಗಳದಲ್ಲಿ ಒಣಹಾಕಿದ ಗೋಧಿ ಕಾಯುತ್ತಿದ್ದಳು. ಅಮ್ಮ ಫೋನ್ ಮಾಡಿದಾಗ ಯಾಕೆ ಮಾತಾಡಲಿಲ್ಲ ಪುಟ್ಟಿ ಎಂದು ಕೇಳಿದೆ. ಅವಳು ಬೆರಳು ಎತ್ತಿ ತೋರಿಸಿದಳು. "ಅಮ್ಮ ಎರಡೇ ಸಲ ಕರೆದ್ರು ಅಜ್ಜಾ. ಆಮೇಲೆ ಅತ್ರು. ನಾನು ಮೂರನೇದಕ್ಕೆ ಕಾಯ್ತಾ ಇದ್ದೆ."

ಸಾರಿಕಾ, ಆ ದಿನ ಮಂಜಿನಲ್ಲಿ ನಾನು ಅಂಚಿನ ಕಡೆಗಿದ್ದೆ. ನೀನು ನನ್ನ ಹಿಂದೆ, ಕಿವಿ ಮುಚ್ಚುವ ಹಾಗೆ ಟೋಪಿ ಎಳೆದುಕೊಂಡು, ನನ್ನ ಅಂಗೈ ನಿನ್ನ ಬಾಯಿಯ ಮೇಲೆ. ಕೆಳಗಿನಿಂದ "ಬಾಬಾ" ಎಂದು ಕೇಳಿಸಿತು. ಸ್ಪಷ್ಟವಾಗಿ ಕೇಳಿಸಿತು. ಸ್ವಲ್ಪ ಹೊತ್ತಿಗೆ ಇನ್ನೊಂದು ಸಲ, ಮೊದಲಿಗಿಂತ ಸಣ್ಣಗೆ. ನಿನಗೂ ಏನೋ ಅನುಮಾನ ಬಂದಿತ್ತು. ನನ್ನ ಕೈ ಸರಿಸಿ, "ಬಾಬೂಜಿ, ಏನಾದ್ರೂ ಕೇಳಿಸ್ತಾ" ಎಂದೆ. ನಾನು ಇಲ್ಲ ಎಂದೆ.

ನಾನು ಮೂರನೆಯದಕ್ಕೆ ಕಾಯುತ್ತಿದ್ದೆ.

ಅವನಿಗೂ ಲೆಕ್ಕ ಗೊತ್ತಿತ್ತು. ನಾನೇ ಕಲಿಸಿದ್ದು. ಆಗುವಂತಿದ್ದರೆ ಅವನು ಮೂರನೆಯ ಸಲ ಕರೆಯದೆ ಬಿಡುವವನಲ್ಲ. ಬಿದ್ದ ಕೂಡಲೇ ಹೋದ ಜೀವವಲ್ಲ, ಅರ್ಧ ಗಂಟೆಯಾದರೂ ಇತ್ತು ಎಂದು ಡಾಕ್ಟರು ಹೇಳಿದ್ದನ್ನು ನಾನು ಮನೆಯಲ್ಲಿ ಯಾರಿಗೂ ಹೇಳಿಲ್ಲ. ಎಂಟು ಆಳು ಎಂದರೆ ಎಷ್ಟು ಮಹಾ ಆಳ. ಹಗ್ಗ ನನ್ನ ಹೆಗಲಲ್ಲಿತ್ತು.

ನಾನು ದಿನಚರಿ ಬರೆಯುವುದು ನಿನಗೆ ಗೊತ್ತು. ಹವೆ ಹೇಗಿತ್ತು, ಎಷ್ಟು ಜನ ಹತ್ತಿದರು, ಎಷ್ಟು ಹೊತ್ತಿಗೆ ಇಳಿದರು, ಅಷ್ಟೆ. ಆ ದಿನದ ಹಾಳೆ ಹರಿದು ಇದರ ಜೊತೆ ಇಟ್ಟಿದ್ದೇನೆ. ಅದರಲ್ಲಿ ಹೀಗಿದೆ: "ಮಂಜು. ಮೂವರು ಹತ್ತಿದೆವು. ಎರಡು ಸಲ ಕರೆದ. ಇಬ್ಬರು ಇಳಿದೆವು." ಅದನ್ನು ಬರೆದಿಟ್ಟು ಮರುದಿನ ಎದ್ದು, ಊರವರು ನಿನ್ನ ಬಾಯಿಯನ್ನು ಬೈಯುವುದನ್ನು ಕೇಳಿಕೊಂಡು ಕೂತೆ. ನಿನ್ನನ್ನು ಬೈಯುತ್ತಿದ್ದಷ್ಟು ಹೊತ್ತು ನನಗೆ ಉಸಿರಾಡಲು ಆಗುತ್ತಿತ್ತು. ಇದಕ್ಕಿಂತ ಚೆನ್ನಾಗಿ ಹೇಳಲು ನನಗೆ ಬರುವುದಿಲ್ಲ.

ಮೇಲಿನ ಪತ್ರದಲ್ಲಿ ಇನ್ನು ಬರೆಯಲೂ ಬೇಡ ಎಂದಿದ್ದೇನೆ. ಬಾ. ನಿನ್ನ ಅಣ್ಣನನ್ನು ಕರೆದುಕೊಂಡು ಬಾ. ಈ ಹಾಳೆಯನ್ನೂ ದಿನಚರಿಯ ಹಾಳೆಯನ್ನೂ ಪ್ರಧಾನನ ಅಂಗಳದಲ್ಲಿ ಆ ಏಳು ಜನರ ಮುಂದೆ ಗಟ್ಟಿಯಾಗಿ ಓದಿಸು. ನಾನೇ ಹೇಳಬೇಕು ಎಂದು ಇವತ್ತು ಎರಡು ಸಲ ಗೋದಾಂಬರಿಯ ಎದುರು ನಿಂತೆ, ಬಾಯಿ ಬರಲಿಲ್ಲ. ಅವಳು, "ಏನು, ಚಹಾ ಬೇಕಾ" ಎಂದು ಕೇಳಿದಳು. ಹೌದು ಎಂದೆ. ಓದುವ ದಿನ ಅವಳೂ ಅಲ್ಲಿ ಕೂತಿರುತ್ತಾಳೆ. ಆಮೇಲೆ ನಾವಿಬ್ಬರೂ ಒಂದೇ ಮನೆಗೆ ಹಿಂತಿರುಗಬೇಕು. ಅದು ನಿನ್ನ ಚಿಂತೆಯಲ್ಲ. ಕೈಬರಹ ನನ್ನದೇ ಎಂದು ಕೇಳಿದರೆ ತಲೆ ಆಡಿಸುತ್ತೇನೆ, ಅಷ್ಟು ನನ್ನಿಂದಾಗುತ್ತದೆ. ಮಗುವನ್ನು ಕೊಟ್ಟೇ ಕೊಡುತ್ತಾರೆ.

ಒಂದು ಮಾತು ಮರೆಯಬೇಡ. ಪಂಖು ಅಂಗಳದಲ್ಲೇ ಇರುತ್ತಾಳೆ, ನಿನ್ನನ್ನು ನೋಡಿದರೂ ಓಡಿ ಬರಲಿಕ್ಕಿಲ್ಲ. ಕರೆದರೆ ಸುಮ್ಮನೆ ನಿಂತಿರುತ್ತಾಳೆ. ಅಳುತ್ತ ನಿಲ್ಲಿಸಿಬಿಡಬೇಡ. ಇನ್ನೊಂದು ಸಲ ಕರೆ. ಆಮೇಲೂ ಇನ್ನೊಂದು ಸಲ ಕರೆ.