ಮೇಲಿನ ಕೋಣೆಯ ಪಟ್ಟಿ

ಮಾರ್ಚ್ ೯, ಭಾನುವಾರ

ಪುಟ್ಟೀ,

ಹೇಗಿದ್ದೀಯ? ನಾನಿದ್ದೇನೆ. ಮೊಣಕಾಲೊಂದು ಹೇಳಿದ ಮಾತು ಕೇಳುವುದಿಲ್ಲ, ಥೇಟ್ ನಿನ್ನ ಹಾಗೆ. ವರ್ಷಕ್ಕೊಂದು ಕಾರ್ಡು ಕಳಿಸುತ್ತೀಯ, ಒಳಗೆ ಬರೀ ಸಹಿ. ಒಂಬತ್ತು ಬಂದವು; ಒಂದಕ್ಕೂ ನಾನು ಉತ್ತರ ಬರೆಯಲಿಲ್ಲ. ತಡವಾಯಿತು, ಬೈಯಬೇಡ. ಬೈಯುವುದಾದರೂ ಪೂರ್ತಿ ಓದಿ ಬೈ.

ನಿನ್ನ ಕೋಣೆಯಲ್ಲಿ ಬಾಡಿಗೆಗಿದ್ದ ದರ್ಜಿ ಈಗಿಲ್ಲ. ಸದಾ ತುಟಿಯಲ್ಲಿ ಗುಂಡುಪಿನ್ನು ಕಚ್ಚಿಕೊಂಡಿರುತ್ತಿದ್ದರು ಅಂತ ನಾನವರಿಗೆ ಪಿನ್ನಪ್ಪ ಎಂದು ಹೆಸರಿಟ್ಟಿದ್ದೆ. ಇಷ್ಟು ವರ್ಷದಲ್ಲಿ ನನ್ನೊಡನೆ ನಾಲ್ಕು ಮಾತಾಡಿದ್ದರೆ ಹೆಚ್ಚು. ಜನವರಿಯಲ್ಲಿ "ಆಸ್ಪತ್ರೆಗೆ ಹೋಗಿ ಬರ್ತೀನಮ್ಮ, ಎರಡು ದಿನ" ಅಂತ ಬೀಗದ ಕೈ ಕೊಟ್ಟು ಹೋದವರು ಬರಲೇ ಇಲ್ಲ. ಬಂದದ್ದು ಅವರ ಸದ್ದು. ಮಧ್ಯಾಹ್ನ ನಾಲ್ಕಾದರೆ ಸಾಕು, ಬೀಗ ಹಾಕಿದ ಕೋಣೆಯಲ್ಲಿ ಹೊಲಿಗೆ ಮಿಷನ್ನು ಟಕಟಕ ಅನ್ನುತ್ತದೆ. ಏದುಸಿರು ಬಿಡುತ್ತಾ ಮೆಟ್ಟಿಲು ಹತ್ತಿ ಬಾಗಿಲಿಗೆ ಕಿವಿ ಇಟ್ಟೆನೋ, ನಿಂತುಬಿಡುತ್ತದೆ. ನಿನ್ನ ಚಿಕ್ಕಮ್ಮ "ನಿಂಗೆ ಕಿವಿ ಕೆಟ್ಟಿದೆ ಅಕ್ಕ" ಅಂದಳು. "ಕಿವಿ ಕೆಟ್ರೆ ಇರೋ ಸದ್ದು ಕೇಳಿಸಬಾರದು ಕಣೇ, ಇಲ್ಲದ್ದು ಕೇಳ್ಸುತ್ತಾ?" ಅಂದೆ. ಆಮೇಲೆ ಅವಳೂ ನಾಲ್ಕರ ಹೊತ್ತಿಗೆ ನಮ್ಮ ಮನೆಗೆ ಬರುವುದನ್ನು ಬಿಟ್ಟಳು.

ಹೊಸ ಬಾಡಿಗೆಯವರು ಅವಸರ ಮಾಡುತ್ತಿದ್ದರು. ಇದ್ದಬದ್ದದ್ದನ್ನೆಲ್ಲ ಗುಜರಿಗೆ ಹಾಕೋಣವೆಂದು ಹೊರಟಿದ್ದೆ, ಎದುರುಮನೆ ಲಾಯರಮ್ಮ ತಡೆದಳು. "ಬಿಟ್ಟುಹೋದ್ರು ಅಂದ್ರೆ ಬೇಡ ಅಂದ್ರು ಅಂತಲ್ಲ ಆಂಟಿ. ಮೊದಲು ಒಂದೊಂದನ್ನೂ ಪಟ್ಟಿ ಮಾಡಿ, ಇಬ್ಬರು ಸಾಕ್ಷಿ ಸಹಿ ಹಾಕಲಿ. ಅವರ ಕಡೆಯವರಿಗೆ ಕಾಗದ ಬರೀರಿ, ಇಂಥ ದಿನದವರೆಗೂ ಕಾಯ್ತೀವಿ ಅಂತ. ಅಲ್ಲೀತನಕ ಒಂದು ಸೂಜಿನೂ ಆಚೆ ಹೋಗಬಾರದು." ಆ ಮಾತು ನನಗೆ ಚುರ್ ಎಂದಿತು.

ಸರಿ, ಕೂತೆವು. ಲಾಯರಮ್ಮ ಎತ್ತಿ ತೋರಿಸುವುದು, ನಾನು ಬರೆಯುವುದು, ಚಿಕ್ಕಮ್ಮ ಧೂಳಿಗೆ ಸೀನುವುದು. ಕತ್ತರಿ ಮೂರು. ಇಸ್ತ್ರಿಪೆಟ್ಟಿಗೆ ಒಂದು, ಹಿಡಿ ಸುಟ್ಟದ್ದು. ಮಿಷನ್ನಿನ ಹೊದಿಕೆ ನೋಡಿದರೆ ನಿನ್ನ ಕಿಟಕಿಯ ಹಸಿರು ಪರದೆ. ಸೂಜಿಯ ಕೆಳಗೆ ಅರ್ಧ ಹೊಲಿದ ಕೋಟಿನ ತೋಳು. ಗೋಡೆಯುದ್ದಕ್ಕೂ ಗಿರಾಕಿಗಳು ಕೊಟ್ಟು ಮರೆತ ಬಟ್ಟೆ. ಪುಣ್ಯಾತ್ಮ ಒಂದನ್ನೂ ಬಿಸಾಡಿರಲಿಲ್ಲ. ಯಾರದು, ಯಾವತ್ತು ಬಂದದ್ದು ಎಂದು ಪ್ರತಿಯೊಂದಕ್ಕೂ ಚೀಟಿ ಚುಚ್ಚಿದ್ದರು.

ಕೊನೆಯ ಮೊಳೆಯಲ್ಲಿ ನಿನ್ನ ಹಳದಿ ಸ್ವೆಟರು ಇತ್ತು.

ಹರಿದಿದ್ದ ಮೊಣಕೈಗೆ ಅದೇ ಬಣ್ಣದ ನೂಲು ಹುಡುಕಿ ರಫು ಮಾಡಿದ್ದರು. ಚೀಟಿಯಲ್ಲಿ ಹೀಗಿತ್ತು: "ಮನೆಯಮ್ಮನವರ ಮಗಳದು. ಅಟ್ಟದಲ್ಲಿ ಸಿಕ್ಕಿತು. ಮತ್ತೆ ಬಂದಾಗ ಕೊಡುವುದು." ತಾರೀಖು, ನೀನು ಕೊನೆಯ ಸಲ ಬಂದುಹೋದ ದಿನದ್ದು. ಜೇಬಿನಲ್ಲಿದ್ದ ನುಸಿಗುಳಿಗೆ ಮಾತ್ರ ಹೊಸದು. ಪೆನ್ನು ಕೆಳಗಿಟ್ಟು ಆ ಚೀಟಿಯನ್ನು ಮತ್ತೊಮ್ಮೆ ಓದಿದೆ. "ಇಷ್ಟು ವರ್ಷ ನಿಮ್ಮ ಕೈಗೇ ಯಾಕೆ ಕೊಡ್ಲಿಲ್ಲ ಆಂಟಿ?" ಎಂದು ಲಾಯರಮ್ಮ ಕೇಳಿದಳು. ಯಾಕೆಂದು ನನಗೆ ಗೊತ್ತಿತ್ತು.

ಪಿನ್ನಪ್ಪನವರ ಅಕ್ಕನಿಗೆ ಕಾಗದ ಹಾಕಿದ್ದೆ. ಮೊನ್ನೆ ಬಂದರು. ತಮ್ಮ ಆಸ್ಪತ್ರೆ ಸೇರಿದ ಮೂರನೇ ದಿನವೇ ತೀರಿಕೊಂಡನಂತೆ. ಪಟ್ಟಿ ನೋಡಿ ತಮ್ಮನದನ್ನೆಲ್ಲ ಒಯ್ದರು, ಪರದೆ ಮಡಿಸಿಟ್ಟು "ಇದು ನಮ್ಮದಲ್ಲ" ಅಂದರು. ಈಗ ಅಲ್ಲಿ ಮಿಷನ್ನೇ ಇಲ್ಲ. ನಾಲ್ಕಕ್ಕೆ ಸದ್ದು ಇನ್ನೂ ಬರುತ್ತದೆ. ಹೊಸಬರಿಗೆ ಕೋಣೆ ಕೊಡುವುದಿಲ್ಲ ಎಂದುಬಿಟ್ಟೆ.

ನೀನು, ನಿನ್ನ ಗಂಡ, ನನಗೆ ತೋರಿಸದ ಮಕ್ಕಳೇನಾದರೂ ಇದ್ದರೆ ಅವರೂ, ನೂರು ಕಾಲ ಚೆನ್ನಾಗಿರಿ.

ನಿನ್ನ ಅಮ್ಮ

ಮರೆತ ಮಾತು: ಮರೆತದ್ದಲ್ಲ, ಧೈರ್ಯ ಸಾಲದೆ ಕೊನೆಗೆ ಉಳಿಸಿಕೊಂಡದ್ದು. ಗೆದ್ದಲು ಬಂದಿರಲಿಲ್ಲ ಕಣೇ. ನೀನು ಅವನ ಜೊತೆ ಹೋದ ನಾಲ್ಕನೇ ದಿನ, ಸಿಟ್ಟಿನ ಭರದಲ್ಲಿ ನಿನ್ನದೆಲ್ಲವನ್ನೂ ಗುಜರಿಯವನಿಗೆ ಹೊರಿಸಿ ಕಳಿಸಿದೆ. ಅಪ್ಪ ಸಾಯುವ ಮುಂಚೆ ನಿನಗೆ ಬರೆದಿಟ್ಟಿದ್ದ ಕಾಗದಗಳ ಡಬ್ಬಿಯನ್ನೂ ಕೊಟ್ಟೆ, ಒಳಗೇನಿದೆ ಎಂದು ಗೊತ್ತಿದ್ದೇ ಕೊಟ್ಟೆ. ತಿಂಗಳು ಕಳೆದು ನೀನು ಬಂದೆ. ಮೆಟ್ಟಿಲ ಬುಡದಲ್ಲಿ ನಿಂತು ಆ ಡಬ್ಬಿಯೊಂದನ್ನೇ ಕೇಳಿದೆ. "ಗೆದ್ದಲು ತಿಂದು ಹಾಕ್ತು, ಎಲ್ಲ ಸುಟ್ಟುಬಿಟ್ಟೆ" ಅಂದೆ. ಆಗ ನಾಲ್ಕು ಗಂಟೆ. ಅಷ್ಟರಲ್ಲಾಗಲೇ ನಿನ್ನ ಕೋಣೆಗೆ ಬಾಡಿಗೆಗೆ ಬಂದಿದ್ದರು ಪಿನ್ನಪ್ಪ; ಮೇಲೆ ಟಕಟಕ ಅನ್ನುತ್ತಿದ್ದ ಅವರ ಮಿಷನ್ನು ಗಕ್ಕನೆ ನಿಂತಿತು.

ಇದರ ಜೊತೆ ಇನ್ನೊಂದು ಪಟ್ಟಿ ಇಟ್ಟಿದ್ದೇನೆ. ನಿನ್ನ ಕೋಣೆಯಲ್ಲಿ ಇದ್ದದ್ದು, ನೆನಪಿನಿಂದ ಬರೆದದ್ದು, ನಲವತ್ತೊಂದು. ಮೊದಲನೆಯದು ಡಬ್ಬಿ. ಏನಾದರೂ ಬಿಟ್ಟಿದ್ದರೆ ನೀನೇ ಸೇರಿಸು. ಸಾಕ್ಷಿಯ ಜಾಗ ಖಾಲಿ ಇದೆ, ಕೇಳಿಸಿಕೊಂಡವರು ಈಗಿಲ್ಲ. ಸ್ವೆಟರು ಮೊಳೆಯಲ್ಲೇ ಇದೆ, ಚೀಟಿಯ ಸಮೇತ.